ಒಂದೇ ಸಲ ಕರೆದರೆ

ಮೊಬೈಲಿನಲ್ಲಿ ಸದ್ದು ಹಿಡಿದಿಡುವುದು ಹೊಸದಾಗಿ ಬಂದಿದ್ದ ಕಾಲ. ಹಗಲು ಕಾರವಾರದಲ್ಲಿ ಗುಮಾಸ್ತಿಕೆ, ರಾತ್ರಿ ಅಂಕೋಲೆಯ ಮನೆಯ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನ ಮುಂದೆ ಭಯದ ಸಂಗೀತ: ಇದು ನನ್ನ ಹುಚ್ಚು. ಹಾಡಲ್ಲ, ತಾಳವೂ ಇಲ್ಲ; ಜನರೆಲ್ಲ ಸತ್ತ ಮೇಲೂ ಆಕಾಶದಲ್ಲಿ ತೇಲುತ್ತಿರುವ ನೌಕೆಯೊಂದರ ಒಳಗಿನ ಸದ್ದು. ಬೈತಖೋಲ ಬಂದರಿನ ಮೀನು ಹಿಡಿಯುವ ಟ್ರಾಲರ್ ಇಂಜಿನ್ನಿನ ದನಿಯನ್ನು ತಂದು ನಾಲ್ಕು ಪಟ್ಟು ನಿಧಾನ ಮಾಡಿದರೆ ಆ ನೌಕೆ ಸಿದ್ಧ. ಕಚೇರಿಯ ಗೆಳೆಯನೊಬ್ಬ ಕೇಳಿ, "ನಮ್ಮ ಮನಿ ಫ್ರಿಜ್ಜೂ ಹೀಗೇ ಮಾಡ್ತದೆ ಮಾರಾಯ" ಎಂದ. ಮೈ ಉರಿದುಹೋಯಿತು.

ನಾನು ಹೆದರಿಸಬೇಕೆಂದಿದ್ದದ್ದು ಅವನನ್ನಲ್ಲ, ಆಯಿಯನ್ನು. ಒಲೆಯ ಮೂಲೆಗೆ ಬಂದ ಹಾವನ್ನು ಕೋಲಿನಲ್ಲೆತ್ತಿ ಗದ್ದೆಗೆ ಬಿಟ್ಟು ಬಂದು, ಏನೂ ಆಗದವಳಂತೆ ದೋಸೆ ಮಗುಚಿದ ಹೆಂಗಸು ನನ್ನಮ್ಮ. ಅವಳು ಹೆದರಿದರೆ ನಾನು ಗೆದ್ದಂತೆ.

ನೌಕೆಗೊಂದು ದನಿ ಬೇಕಿತ್ತು. ಸಂಜೆ ಹಿತ್ತಿಲಿಂದ ಆಯಿ ನನ್ನನ್ನು "ತಮಾ, ತಮಾ, ತಮಾ" ಎಂದು ಕರೆಯುವುದನ್ನು ಕದ್ದು ರೆಕಾರ್ಡ್ ಮಾಡಿ, ಎಳೆದು ದಪ್ಪ ಮಾಡಿ, ಇಂಜಿನ್ನಿನ ಮೇಲೆ ಕೂರಿಸಿದೆ. ಭಾನುವಾರ ಊಟವಾದ ಮೇಲೆ ಅವಳ ಕಿವಿಗೆ ಹೆಡ್‌ಫೋನ್ ಹಾಕಿದೆ. ತನ್ನದೇ ದನಿಯೆಂದು ಅವಳಿಗೆ ಗೊತ್ತಾಗಲಿಲ್ಲ. ನಕ್ಕುಬಿಟ್ಟಳು.

"ಇದೆಂಥಾ ಭೂತವೋ? ಭೂತ ಒಂದೇ ಸಲ ಕರೂದು. ಮೂರು ಸಲ ಕರ್ದ್ರೆ ಮನಿ ಮಂದಿ. ಅದ್ಕೇ ಅಲ್ವನಾ ನಾನು ನಿನ್ನ ಮೂರು ಸಲ ಕರೂದು?"

ಒಂದೇ ಕರೆಗೆ ಓ ಎಂದವನು ಭೂತದ ಹಿಂದೆಯೇ ಹೋಗುತ್ತಾನೆ, ಮರಳಿ ಬರುವುದಿಲ್ಲ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹೊರದೇಶದ ಭೂತಗಳ ಗುಂಗಿನಲ್ಲಿ ಊರ ಭೂತದ ರೀತಿ ಮರೆತಿದ್ದೆ. ನಾಚಿಕೆಯಾಯಿತು. ಖುಷಿಯೂ ಆಯಿತು, ಇಂಥ ವಿಮರ್ಶಕಿ ಎಷ್ಟು ಜನರಿಗೆ ಮನೆಯಲ್ಲೇ ಸಿಗುತ್ತಾಳೆ?

ವಾರವಿಡೀ ಕೂತು ತಿದ್ದಿದೆ. ಏಳು ನಿಮಿಷ ಬರೀ ಇಂಜಿನ್. ಕೊನೆಗೆ ಒಂದೇ ಒಂದು "ತಮಾ". ಆಮೇಲೆ ಏನೂ ಇಲ್ಲ.

ಮುಂದಿನ ಭಾನುವಾರ ಆಯಿ ಅಕ್ಕಿ ಆರಿಸುತ್ತಲೇ ಕೇಳಿದಳು. ಕೊನೆ ಬಂದಾಗ ಅವಳ ಕೈ ನಿಂತಿತು. ಹೆಡ್‌ಫೋನ್ ಕಿತ್ತು ಮೊರದ ಮೇಲಿಟ್ಟು ನನ್ನ ರಟ್ಟೆ ಹಿಡಿದಳು. ಬೆರಳು ತಣ್ಣಗಿದ್ದವು.

"ಇದ್ನ ಮಾಡ್ವಾಗ ನೀ ಓ ಅಂದ್ಯನಾ?"

ಗೆದ್ದೆನೆಂದು ಕುಣಿಯಬೇಕಿತ್ತು. ಅವಳ ಕೈಯ ಮೇಲೆ ನನ್ನ ಕೈಯಿಟ್ಟೆ.

"ಇಲ್ಲ ಆಯಿ, ಅನ್ಲಿಲ್ಲ" ಎಂದೆ.