ಏಲಕ್ಕಿ ಬನ್ನಿಗೆ ಲಾಂಚು ನಿಲ್ಲಿಸಿದ ಯಾರ್ಕೊ

ಕೇಳಿದವರು ನಗಬಹುದು. ಆದರೆ ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಬೇಕಿದ್ದರೆ ಫಿನ್ಲೆಂಡಿನ ಲೆಪ್ಪಸಾರಿ ದ್ವೀಪದ ಕಡಲಹಕ್ಕಿಗಳ ತಲೆ ಮುಟ್ಟಿ ಆಣೆ ಮಾಡಬಹುದು. ಹೋದ ಚಳಿಗಾಲದಲ್ಲಿ ಆ ಹಕ್ಕಿಗಳು ಹಾರಲಾರದಷ್ಟು ದಪ್ಪಗಾಗಿ, ದಡದಿಂದ ದಡಕ್ಕೆ ಲಾಂಚಿನಲ್ಲೇ ಕೂತು ಹೋಗುತ್ತಿದ್ದವು. ಎಲ್ಲವೂ ಒಂದೇ ಬದಿಗೆ ಕೂತರೆ ಲಾಂಚು ವಾಲುತ್ತಿತ್ತು.

ಬೆಳಗಿನ ಐದು ಗಂಟೆ. ನೀರಿನ ಮೇಲೆ ಇನ್ನೂ ತೆಳ್ಳಗಿನ ಮಂಜುಗಡ್ಡೆ. ಉಕ್ಕಿನ ಹಗ್ಗ ಹಿಡಿದು ಓಡಾಡುವ ಹಳದಿ ಲಾಂಚಿನ ಮೇಲೆ ಯಾರ್ಕೊ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಾನೆ. ದಡದಲ್ಲಿ ಲಾಂಚು ನಿಂತಾಗಲೆಲ್ಲ ಅವನು ನಡೆಯುತ್ತಾನೆ. ಹೀಗೆ ನಡೆದೂ ನಡೆದೂ ಅವನು ಫಿನ್ಲೆಂಡಿನ ಉತ್ತರದ ತುದಿ ಮುಟ್ಟಿ ವಾಪಸು ಬಂದಿದ್ದಾನೆ, ಲಾಂಚಿನಿಂದ ಮಾತ್ರ ಇಳಿದಿಲ್ಲ.

"ನಡಿಯೋದು ಕಷ್ಟ ಅಲ್ಲ," ಎನ್ನುತ್ತಾನೆ, ಮೂಗು ಒರೆಸಿಕೊಳ್ಳುತ್ತಾ. "ಮಾತ್ರೆ ನುಂಗೋದೂ ಕಷ್ಟ ಅಲ್ಲ. ಈ ಜನ ಇದಾರಲ್ಲ, ಇವರನ್ನ ನುಂಗೋದೇ ಕಷ್ಟ!"

ಯಾರ್ಕೊಗೆ ಐವತ್ಮೂರು ವರ್ಷ. ಅಪ್ಪ ನಡೆಸಿದ್ದ ಲಾಂಚನ್ನೇ ಇವನೂ ನಡೆಸುತ್ತಿದ್ದಾನೆ. ಶಾಲೆಯ ಮಕ್ಕಳು, ಹಾಲಿನ ಲಾರಿ, ಹೆರಿಗೆ ನೋವಿನ ಹೆಂಗಸರು, ಶವಪೆಟ್ಟಿಗೆ, ಎಲ್ಲವೂ ದಾಟುವುದು ಇವನ ಕೈಯಲ್ಲೇ. ಯಾರಾದರೂ ಗುಡ್ಡದ ಮೇಲಿಂದ ಓಡೋಡಿ ಬರುತ್ತಿದ್ದರೆ ಗಡಿಯಾರ ನೋಡದೆ ಕಾಯುತ್ತಾನೆ. ಅವನ ಹೆಸರು ಯಾವ ಫಲಕದ ಮೇಲೂ ಇಲ್ಲ.

ಲಾಂಚಿಗೆ ಟಿಕೆಟ್ಟಿಲ್ಲ. ಪುಕ್ಕಟೆ ದಾಟುವುದು ದ್ವೀಪದವರ ಮರ್ಯಾದೆಗೆ ಒಗ್ಗುವುದಿಲ್ಲ. ಹಾಗಾಗಿ ಲಾಂಚಿನ ಮೇಲಿನ ಅವನ ಪುಟ್ಟ ಕೋಣೆಯ ಕಿಟಕಿಯಲ್ಲಿ ಏಲಕ್ಕಿ ಬನ್ನು ಇಟ್ಟು ಹೋಗುತ್ತಾರೆ. ಅಪ್ಪನ ಕಾಲದಿಂದಲೂ ಹೀಗೇ. ಬೆಣ್ಣೆ ಒಸರುವ, ಮೇಲೆ ಸಕ್ಕರೆ ಹರಳು ಉದುರಿಸಿದ ಬನ್ನು.

ಎರಡು ವರ್ಷದ ಹಿಂದೆ ಯಾರ್ಕೊಗೆ ಸುಮ್ಮಸುಮ್ಮನೆ ಬಾಯಾರಿಕೆ, ಸುಸ್ತು. ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಹೋದ ಶರತ್ಕಾಲದಲ್ಲಿ ಕಣ್ಣಿನ ಪರೀಕ್ಷೆ ಮಾಡಿದಾಗ ಒಳಗೆ ಸಣ್ಣ ಸಣ್ಣ ಚುಕ್ಕೆ. ಆರೋಗ್ಯ ಕೇಂದ್ರದ ನರ್ಸ್ ಹೆಲ್ಕಾ ಅವನ ಪಾದ ತಿರುಗಿಸಿ ನೋಡುತ್ತಾ ಮುಚ್ಚುಮರೆಯಿಲ್ಲದೆ ಹೇಳಿದಳು: "ಸಕ್ಕರೆ ಇಳೀಲಿಲ್ಲ ಅಂದ್ರೆ ಕಣ್ಣು ಹೋಗುತ್ತೆ. ಹಿಂಗೇ ಇದ್ರೆ ವಸಂತದಲ್ಲಿ ಡಾಕ್ಟರು ನಿನ್ನ ಲಾಂಚು ನಡೆಸೋ ಪರವಾನಗಿ ಕಾಗದಕ್ಕೆ ಸಹಿ ಹಾಕಲ್ಲ. ಪರೀಕ್ಷೆ ಹತ್ರ ಬಂತು ಅಂತ ಎರಡು ದಿನ ಉಪವಾಸ ಮಾಡಿ ನನ್ನ ಕಣ್ಣಿಗೆ ಮಣ್ಣೆರಚಬೇಡ. ಈ ರಕ್ತ ಪರೀಕ್ಷೆ ಮೂರು ತಿಂಗಳು ತಿಂದದ್ದರ ಚಾಡಿ ಹೇಳುತ್ತೆ."

ಯಾರ್ಕೊ ಬಿಯರ್ ಬಿಟ್ಟ. ಸಾಸೇಜು ಬಿಟ್ಟ. ರೈ ಧಾನ್ಯದ ಕರಿ ರೊಟ್ಟಿ, ಕೋಸು, ಮೀನು ಹಿಡಿದ. ಮಾತ್ರೆ ನುಂಗಿದ, ಲಾಂಚಿನ ಮೇಲೇ ನಡೆಯತೊಡಗಿದ. ಬನ್ನು ಮಾತ್ರ ಅವನನ್ನು ಬಿಡಲಿಲ್ಲ.

ಆ ಊರಿನ ಪದ್ಧತಿಯೇ ಹಾಗೆ. ಯಾರಾದರೂ ತಿನ್ನಲು ಕೊಟ್ಟರೆ ಮೊದಲು ಬೇಡ ಎನ್ನಬೇಕು. ಎರಡನೆಯ ಸಲವೂ ಬೇಡ ಎನ್ನಬೇಕು. ಮೂರನೆಯ ಸಲ "ಒಂದು ಚೂರು ಮಾತ್ರ" ಎಂದು ಇಡೀ ಬನ್ನು ತಿನ್ನಬೇಕು. ಎಷ್ಟು ಬೇಡ ಎಂದರೆ ಅಷ್ಟು ಮರ್ಯಾದಸ್ಥ. ಯಾರ್ಕೊ ಏಳೆಂಟು ಸಲ ಬೇಡ ಎಂದ. ಎಂಥ ಸಂಭಾವಿತ ಮನುಷ್ಯ ಎಂದು ದ್ವೀಪವೆಲ್ಲ ಹೊಗಳಿ, ಎರಡೆರಡು ಬನ್ನು ಇಡತೊಡಗಿತು!

"ನಂಗೆ ಸಕ್ಕರೆ ಕಾಯಿಲೆ ಅಂತ ಬಾಯಿಬಿಟ್ಟು ಹೇಳ್ದೆ," ಎಂದು ಯಾರ್ಕೊ ಹಣೆ ಚಚ್ಚಿಕೊಳ್ಳುತ್ತಾನೆ. "ಮಾರನೇ ದಿನ ಸಕ್ಕರೆ ಹಾಕದೇ ಇರೋ ಬನ್ನು ಅಂತ ತಂದ್ರು. ಬರೀ ಜೇನುತುಪ್ಪ!"

ಬೇರೆ ದಾರಿ ಕಾಣದೆ ಅವನು ಬನ್ನುಗಳನ್ನು ಹಕ್ಕಿಗಳಿಗೆ ಎಸೆದ. ಹಕ್ಕಿಗಳ ಕಥೆ ಏನಾಯಿತೆಂದು ಮೊದಲೇ ಹೇಳಿಯಾಗಿದೆ.

ಎಂಬತ್ತು ದಾಟಿದ ಔನೆಜ್ಜಿ ದ್ವೀಪದ ಬನ್ನುಗಳ ದೊಡ್ಡಮ್ಮ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ತಾನು ಜಡೆಯಂತೆ ಹೆಣೆದ ಬನ್ನನ್ನು ಒಂದು ಹಕ್ಕಿ ಕಚ್ಚಿಕೊಂಡು ಕೂತದ್ದು ಅವಳ ಕಣ್ಣಿಗೆ ಬಿತ್ತು. ಅಂದಿನಿಂದ ಮಾತು ಬಂದ್. ಆ ಊರಲ್ಲಿ ಮೊದಲೇ ಮಾತು ಕಡಿಮೆ, ಬಿಟ್ಟರೂ ಗೊತ್ತಾಗುವುದಿಲ್ಲ. ಕಾರಿನ ಸ್ಟೇರಿಂಗ್ ಮೇಲಿಂದ ಅಜ್ಜಿ ಒಂದು ಬೆರಳೆತ್ತಿ ನಮಸ್ಕಾರ ಮಾಡುತ್ತಿದ್ದಳು, ಆ ಬೆರಳು ನಿಂತುಹೋಯಿತು. ಯಾರ್ಕೊಗೆ ತಡೆಯಲಾಗಲಿಲ್ಲ. ಅವಳ ಎದುರೇ ಒಂದು ಬನ್ನು ತಿಂದು ರಾಜಿಯಾದ. ಸುದ್ದಿ ಹಬ್ಬಿತು. ಮಾರನೇ ದಿನದಿಂದ ಎಲ್ಲರದೂ ಒಂದೇ ಹಟ: ನಮ್ಮೆದುರೂ ತಿನ್ನು!

ಸಾಲಿನಲ್ಲಿ ಮೊದಲು ನಿಂತವಳು ಮತ್ತೆ ಔನೆಜ್ಜಿಯೇ. ಅಂದು ಯಾರ್ಕೊ ನಡುನೀರಿನಲ್ಲಿ ಲಾಂಚು ನಿಲ್ಲಿಸಿದ.

"ಅಜ್ಜೀ, ನಾ ಇದನ್ನ ತಿಂದ್ರೆ ನನ್ನ ಕೆಲಸ ಹೋಗುತ್ತೆ. ಆಮೇಲೆ ಇಲ್ಲಿಗೆ ಆಳಿಲ್ಲದ ಲಾಂಚು ಬರುತ್ತೆ. ಗುಂಡಿ ಒತ್ತಿದ್ರೆ ಹೊರಡುತ್ತೆ. ನೀನು ಗುಡ್ಡದ ಮೇಲಿಂದ ಕೈ ಬೀಸ್ಕೊಂಡು ಬಂದ್ರೆ ಅದು ಕಾಯುತ್ತಾ?"

"ಇದನ್ನ ಮೊದಲೇ ಹೇಳೋಕೇನಾಗಿತ್ತೋ ನಿಂಗೆ?"

"ಚಳಿಗಾಲವೆಲ್ಲ ಹೇಳಿದೀನಲ್ಲೇ! ಬೇಡ, ಬೇಡ, ಬೇಡ ಅಂತ!"

"ಅಷ್ಟು ನಯವಾಗಿ ಹೇಳಿದ್ರೆ ಯಾರಪ್ಪ ನಂಬ್ತಾರೆ? ನಿಮ್ಮಪ್ಪ ಚೆನ್ನಾಗಿ ಬೆಳೆಸಿದಾನೆ ಅಂದ್ಕೊಂಡೆ." ಅಜ್ಜಿ ಬನ್ನಿನ ಚೀಲದ ಬಾಯಿ ಕಟ್ಟಿದಳು. "ಈಗ ಒರಟಾಗಿ ಹೇಳ್ದೆ ನೋಡು, ಅರ್ಥ ಆಯ್ತು. ನಡಿ, ಲಾಂಚು ಬಿಡು. ಚಳಿ."

ಮಾರನೇ ದಿನ ಕಿಟಕಿಯಲ್ಲಿ ಉಪ್ಪಿನಲ್ಲಿ ಹಾಕಿದ ಸೌತೆಕಾಯಿ. ವಾರದೊಳಗೆ ಇಡೀ ದ್ವೀಪದ ಕೋಸು, ಮೂಲಂಗಿ, ಹೊಗೆ ಹಿಡಿಸಿದ ಮೀನು. ಹಕ್ಕಿಗಳು ಒಂದು ದಿನ ಮೂಲಂಗಿ ಕಚ್ಚಿ ನೋಡಿ, ಯಾರ್ಕೊನನ್ನು ದುರುಗುಟ್ಟಿ, ಬೇಸರದಲ್ಲಿ ಹಾರಿಹೋದವು. ಹಾರುವುದು ನೆನಪಿದ್ದದ್ದೇ ದೊಡ್ಡದು.

ಏಪ್ರಿಲ್‌ನಲ್ಲಿ ರಕ್ತ ಚಾಡಿ ಹೇಳಿತು, ಈ ಸಲ ಒಳ್ಳೆಯದನ್ನೇ. ಸಕ್ಕರೆ ಇಳಿದಿದೆ. ಕಣ್ಣಿನ ಚುಕ್ಕೆ ಇದ್ದಷ್ಟೇ ಇದೆ. ಡಾಕ್ಟರು ಒಂದು ವರ್ಷಕ್ಕೆ ಸಹಿ ಹಾಕಿದ್ದಾರೆ. "ಗೆದ್ದೆ ಅಂತ ಕುಣೀಬೇಡ, ಮೂರು ತಿಂಗಳಿಗೆ ಬಾ" ಎಂದಿದ್ದಾಳೆ ಹೆಲ್ಕಾ.

ನಿನಗೇನಾದರೂ ಆಸೆ ಇದೆಯಾ ಎಂದರೆ ಯಾರ್ಕೊ ನೀರಿನ ಕಡೆ ನೋಡುತ್ತಾನೆ. "ಜುಲೈಗೆ ನಾ ಪರೀಕ್ಷೆಗೆ ಹೋಗೋವಾಗ ಔನೆಜ್ಜೀನೂ ಕರ್ಕೊಂಡು ಹೋಗ್ಬೇಕು. ಇಷ್ಟು ವರ್ಷ ಬನ್ನು ಸುಟ್ಟವಳು ಒಂದ್ಸಲನೂ ರಕ್ತ ಪರೀಕ್ಷೆ ಮಾಡಿಸಿಲ್ಲ. ಕೇಳಿದ್ರೆ ಬೇಡ ಅಂತಾಳೆ. ನಯವಾಗಿ."

ಈಗ ಅವನು ಹೊಸದೊಂದು ಕಾನೂನು ಮಾಡಿದ್ದಾನೆ. ನಲವತ್ತು ದಾಟಿದವರಿಗೆ ಗೇಟು ಎತ್ತುವ ಮೊದಲು ಒಂದು ಪ್ರಶ್ನೆ ಕೇಳುತ್ತಾನೆ. ಓದುತ್ತಾ ಓದುತ್ತಾ ನೀವೂ ಲಾಂಚು ಹತ್ತಿ ನಡುನೀರು ದಾಟಿಯಾಯಿತು, ಆಚೆ ದಡದ ಗೇಟು ಇನ್ನೂ ಮುಚ್ಚಿದೆ. ಕೈಲಿರುವ ಆ ಬಿಸ್ಕತ್ತು ಕೆಳಗಿಡಿ. ಹೇಳಿ, ಕೊನೆಯ ಸಲ ರಕ್ತ ಪರೀಕ್ಷೆ ಮಾಡಿಸಿದ್ದು ಯಾವಾಗ?