ದೊಡ್ಡಬೀರಯ್ಯನ ಇಂಡಿಯಾ ಟೀಮು

ಬಿಳಿಕೆರೆಯಲ್ಲಿ ಬಸ್ಸಿಳಿದು ದೊಡ್ಡಬೀರಯ್ಯನ ಮನೆ ಎಲ್ಲಿ ಅಂತ ಕೇಳಿದರೆ, "ಯಾವ ದೊಡ್ಡಬೀರಯ್ಯ, ಫುಟ್‌ಬಾಲ್ ಬೀರಯ್ಯನಾ?" ಅಂತ ತಿರುಗಿ ಕೇಳುತ್ತಾರೆ. ಹೌದು ಅಂದರೆ ದಾರಿ ತೋರಿಸುತ್ತಾರೆ, ಜೊತೆಗೆ ಒಂದು ನಗುವನ್ನೂ ಕೊಟ್ಟು ಕಳಿಸುತ್ತಾರೆ. ಐವತ್ತೆಂಟು ವರ್ಷದ ಆಳು. ಮೂರು ಎಕರೆ ಹೊಗೆಸೊಪ್ಪು, ಸೊಪ್ಪು ಬೇಯಿಸಲು ಒಂದು ಬ್ಯಾರನ್ನು. ಎಡಗಾಲಿನ ಹೆಬ್ಬೆರಳಿಗೆ ಉಗುರಿಲ್ಲ. ಆ ಉಗುರು ಎಲ್ಲಿ ಹೋಯಿತು ಅನ್ನುವುದರಲ್ಲಿ ಅವನ ಅರ್ಧ ಕಥೆ ಅಡಗಿದೆ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಅಪ್ಪನ ಮೇಲೆ ಮುನಿಸಿಕೊಂಡು, ಪಿರಿಯಾಪಟ್ಟಣ ದಾಟಿ, ಕೊಡಗಿನ ಒಂದು ಕಾಫಿ ತೋಟಕ್ಕೆ ಕೂಲಿಗೆ ಸೇರಿದ. ಭಾನುವಾರ ಮಧ್ಯಾಹ್ನ ಕೂಲಿಯವರ ಲೈನ್‌ಮನೆಗಳ ಹಿಂದಿನ ಬಯಲಿನಲ್ಲಿ ಮಲಯಾಳಿ ಹುಡುಗರು ಫುಟ್‌ಬಾಲ್ ಆಡುತ್ತಿದ್ದರು. ಒಂದು ದಿನ ಒಬ್ಬ ಆಳು ಕಮ್ಮಿ ಬಿದ್ದ. ಬೇಲಿ ಮೇಲೆ ಕೂತು ನೋಡುತ್ತಿದ್ದ ಬೀರಯ್ಯನನ್ನು ಎಳೆದು ತಂದು ಹಿಂದೆ ಎಡಗಡೆ ನಿಲ್ಲಿಸಿದರು. "ಈ ಕಡೆಯಿಂದ ಯಾರನ್ನೂ ದಾಟಕ್ಕೆ ಬಿಡಬೇಡ, ಅಷ್ಟೇ" ಅಂದರು. ಅಲ್ಲಿಯವರೆಗೆ ಯಾರೂ ಅವನಿಗೆ ಕೆಲಸವನ್ನು ಇಷ್ಟು ಬಿಡಿಸಿ ಹೇಳಿರಲಿಲ್ಲ. ನಾಲ್ಕು ವರ್ಷ ಅದೇ ಜಾಗದಲ್ಲಿ ನಿಂತ. ಬರಿಗಾಲಲ್ಲಿ ಚೆಂಡು ಅಂತ ಕಲ್ಲನ್ನೊದ್ದು ಉಗುರು ಕಳೆದುಕೊಂಡ. ಆಮೇಲೆ ಅಪ್ಪ ಬಂದು ಕೈ ಹಿಡಿದು ಕರೆದ, ಊರಿಗೆ ವಾಪಸಾದ, ಮಲ್ಲಾಜಮ್ಮನನ್ನು ಕಟ್ಟಿಕೊಂಡ, ಹೊಗೆಸೊಪ್ಪಿಗೆ ಬಿದ್ದ. ಕಾಲಿನ ಆಟ ಅಲ್ಲಿಗೆ ಮುಗಿಯಿತು. ತಲೆಯೊಳಗಿನ ಆಟ ಮಾತ್ರ ನಿಲ್ಲಲಿಲ್ಲ.

ಪ್ರತಿ ವರ್ಷ ಸಸಿ ನೆಟ್ಟು ಕೈ ತುಸು ಬಿಡುವಾದಾಗ ಅವನು ತನ್ನ ಇಂಡಿಯಾ ಟೀಮನ್ನು ಆರಿಸುತ್ತಿದ್ದ. ದಿಲ್ಲಿಯವರು ಆರಿಸಿದ್ದು ದಿಲ್ಲಿಯವರಿಗೆ, ಬೀರಯ್ಯ ಆರಿಸಿದ್ದು ಬೀರಯ್ಯನಿಗೆ. ಮೊದಲು ಟೀವಿಯಲ್ಲಿ, ಈಚೆಗೆ ಫೋನಿನಲ್ಲಿ ಆಟ ನೋಡಿ ನೋಡಿ ಎಲ್ಲರ ಕಾಲಿನ ಗುಣವೂ ಅವನಿಗೆ ಗೊತ್ತು. ಹೆಸರುಗಳು ಮಾತ್ರ ನಾಲಿಗೆಗೆ ಹತ್ತುತ್ತಿರಲಿಲ್ಲ. ಹಾಗಾಗಿ ಊರಿನಿಂದಲೇ ಕರೆಯುತ್ತಿದ್ದ: ಮಣಿಪುರದೋನು, ಗೋವಾದೋನು, ಪಂಜಾಬಿನ ಉದ್ದದೋನು. ಹೊಸ ಎತ್ತು ಕೊಳ್ಳುವವನ ಹಾಗೆ ಒಬ್ಬೊಬ್ಬನನ್ನೂ ಸುತ್ತು ಹಾಕಿ ನೋಡಿ, ಹಿಂದೆ ನಾಲ್ಕು, ನಡುವೆ ನಾಲ್ಕು, ಮುಂದೆ ಎರಡು ಅಂತ ಹೂಡುತ್ತಿದ್ದ. ಈ ಹೂಟ ಮೂವತ್ತು ವರ್ಷದಲ್ಲಿ ಒಮ್ಮೆಯೂ ಬದಲಾಗಿದ್ದಿಲ್ಲ.

ಇದನ್ನೆಲ್ಲ ಕೂತು ಕೇಳುವುದಕ್ಕೆ ಒಬ್ಬ ಗೆಳೆಯನೂ ಇದ್ದ, ಪಕ್ಕದ ಹೊಲದ ಲಿಂಗರಾಜು. ಉದ್ದ ಕಾಲು, ಉದ್ದ ನಾಲಿಗೆ. ಚೆಂಡು ಮುಟ್ಟಿದವನಲ್ಲ. ಬೀರಯ್ಯನ ಬಾಯಲ್ಲಿ ಕೇಳಿ, ಅವನ ಪಕ್ಕ ಕೂತು ನೋಡಿಯೇ ಆಟ ಕಲಿತವನು. ಈಚೆಗೆ ಗುರುವಿಗೇ ತಿರುಗಿ ಪಾಠ ಹೇಳುವಷ್ಟು ಬೆಳೆದಿದ್ದ.

ಈ ವರ್ಷ, ಬಿಳಿಕೆರೆಯಲ್ಲಿ ಟೀ ಅಂಗಡಿ ಇಟ್ಟಿರುವ ಷಣ್ಮುಖಪ್ಪ, "ಬರೀ ಬಾಯಲ್ಲಿ ಯೋಳ್ತೀಯ, ನಾಳೆ ಮರೆತೋಯ್ತದೆ. ಬರ್ದು ಗ್ವಾಡೆಗೆ ಹಾಕು ಬೀರಣ್ಣ, ನಾಕು ಜನ ನೋಡ್ಲಿ" ಅಂದ. ಬೀರಯ್ಯ ಹಿಗ್ಗಿದ. ಒಂದು ರಟ್ಟು ಹರಿದು, ನೀಲಿ ಶಾಯಿಯಲ್ಲಿ ದಪ್ಪಗೆ ಬರೆದು, ಅಂಗಡಿಯ ಗೋಡೆಗೆ ಮೊಳೆ ಹೊಡೆದ.

ಲಿಂಗರಾಜು ಟೀ ಲೋಟ ಹಿಡಿದು ಬಹಳ ಹೊತ್ತು ನೋಡಿದ.

"ಹಿಂದ್ಕೆ ಯಾಕ್ಲಾ ನಾಕು ಜನ? ಹಬ್ಬದೂಟದ ಪಂಕ್ತಿ ಇದ್ದಂಗೈತೆ" ಅಂದ. "ಮೂರು ಸಾಕು. ಒಬ್ಬನ್ನ ಮುಂದ್ಕೆ ತಳ್ಳು. ಪ್ರಪಂಚವೇ ಈಗ ಅಂಗೆ ಆಡ್ತದೆ."

"ಪ್ರಪಂಚ ಆಡ್ಕೊಳ್ಳಿ ಬುಡು. ಎಡಗಡೆ ಯಾರು ಕಾಯ್ತಾರೆ, ನಿಮ್ಮಪ್ಪನಾ?"

"ಎಡಗಡೆ ನೀನು ನಿಂತಿದ್ದೆ ಅಂತ, ಇಡೀ ಇಂಡಿಯಾ ಎಡಗಡೆ ಬೇಲಿ ಹಾಕ್ಕೊಂಡು ಕೂತಿರ್ಬೇಕಾ? ಅದ್ಕೇ ಕಣ್ಲಾ ನಿನ್ನ ಟೀಮು ಗೆಲ್ಲಾಕಿಲ್ಲ."

ಬೆಂಚಿನ ಮೇಲಿದ್ದವರು ನಕ್ಕರು. ಆ ನಗು ಬೀರಯ್ಯನಿಗೆ ಪಕ್ಕೆಗೆ ತಿವಿದ ಹಾಗಾಯಿತು. ಆಡಬಾರದ ಮಾತು ಆಗಲೇ ಆಡಿದ್ದು.

"ಹುಟ್ಟಿದಾಗ್ಲಿಂದ ಬಾಲು ಮುಟ್ಟಿ ನೋಡ್ದೇ ಇರೋನು ಟೀಮ್ ಕಟ್ಟಾಕೆ ಬತ್ತಾನೆ. ಸುಮ್ಕೆ ಟೀ ಕುಡ್ದು ಎದ್ದೋಗ್ಲಾ."

ಲಿಂಗರಾಜು ಲೋಟ ಕೆಳಗಿಟ್ಟ. ಅರ್ಧ ಟೀ ಹಾಗೇ ಇತ್ತು. "ಸರಿ ಕಣಪ್ಪ. ಆಡಿರೋರೇ ಬೇಕು ನಿಂಗೆ. ಗ್ವಾಡೆ ಮ್ಯಾಲೆ ಐತಲ್ಲ, ಅದೇ ಟೀಮ್ ಕರ್ಕೊಂಡೋಗಿ ಈ ಸಲ ಬ್ಯಾರನ್ ತುಂಬಿಸ್ಕೊ." ಟವೆಲ್ಲು ಕೊಡವಿ ಹೋದ.

ಆ ಮಾತಿನ ತೂಕ ಗೊತ್ತಾಗಬೇಕಾದರೆ ಬ್ಯಾರನ್ನಿನ ವಿಷಯ ತುಸು ಹೇಳಬೇಕು. ಹೊಗೆಸೊಪ್ಪನ್ನು ಬೆಳಿಗ್ಗೆ ಮುರಿದರೆ ಅವತ್ತೇ ದಾರದಲ್ಲಿ ಕಡ್ಡಿಗೆ ಕಟ್ಟಬೇಕು, ಅವತ್ತೇ ಬ್ಯಾರನ್ನಿಗೆ ಏರಿಸಿ ಬೆಂಕಿ ಹಾಕಬೇಕು. ರಾಶಿಯಲ್ಲೇ ಬಿಟ್ಟರೆ ಸೊಪ್ಪು ಬಿಸಿಯೇರಿ ಕಪ್ಪಾಗುತ್ತದೆ. ಬ್ಯಾರನ್ನು ಅಂದರೆ ಮೂರಾಳೆತ್ತರದ ಮಣ್ಣಿನ ಗೂಡು. ಒಳಗೆ ಸಾಲಾಗಿ ಅಡ್ಡಮರಗಳು, ಒಂದರ ಮೇಲೊಂದು. ಎರಡು ಮರದ ಮೇಲೆ ಕಾಲು ಚಾಚಿ ನಿಂತು, ಕೆಳಗಿನವನು ಕೊಟ್ಟ ಕಡ್ಡಿಯನ್ನು ಮೇಲಿನವನಿಗೆ ದಾಟಿಸಬೇಕು. ತುತ್ತತುದಿಯ ಮರಕ್ಕೆ ಹತ್ತುವವನಿಗೆ ಕಾಲೂ ಉದ್ದ ಇರಬೇಕು, ಎದೆಯೂ ಗಟ್ಟಿ ಇರಬೇಕು. ಇಪ್ಪತ್ತಾರು ವರ್ಷದಿಂದ ಬೀರಯ್ಯನ ಬ್ಯಾರನ್ನಿನ ತುದಿಗೆ ಹತ್ತಿದವನು ಲಿಂಗರಾಜು. ಲಿಂಗರಾಜನ ಬ್ಯಾರನ್ನಿನ ಬುಡದಲ್ಲಿ ನಿಂತು ಕಡ್ಡಿ ಕೊಟ್ಟವನು ಬೀರಯ್ಯ. ಇವತ್ತು ನಾನು ನಿನ್ನ ಕೆಲಸಕ್ಕೆ, ನಾಳೆ ನೀನು ನನ್ನ ಕೆಲಸಕ್ಕೆ. ಇದೇ ಮುಯ್ಯಾಳು. ಇದಕ್ಕೆ ಒಂದೇ ಕಟ್ಟಳೆ: ಹಿಂದಿನ ದಿನ ಬಾಗಿಲಿಗೆ ಹೋಗಿ ಬಾಯಿಬಿಟ್ಟು ಕರೆಯಬೇಕು. ಕರೆಯದೆ ಬರುವಂತಿಲ್ಲ.

ಹತ್ತು ದಿನ ಇಬ್ಬರೂ ಮುಖ ತಿರುಗಿಸಿಕೊಂಡು ಓಡಾಡಿದರು. ಅಷ್ಟರಲ್ಲಿ ಬೀರಯ್ಯನ ಸೊಪ್ಪು ಬುಡದಿಂದ ಹಳದಿಗೆ ತಿರುಗಿತು.

"ಎಷ್ಟು ಆಳು ಯೋಳಿದ್ದೀರಿ?" ಮಲ್ಲಾಜಮ್ಮ ಕೇಳಿದಳು.

"ಹತ್ತು ಬೇಕು. ಒಂಬತ್ತು ಆಗವ್ರೆ."

ಹತ್ತು ಆಳು ಅಂದರೆ ಹೊರಗಿನಿಂದ ಬರುವವರು ಹತ್ತು. ಆ ಕಡೆ ಎಲ್ಲರೂ ಎಣಿಸುವುದು ಹಾಗೆಯೇ. ಮನೆಯವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅವರು ಇದ್ದೇ ಇರುತ್ತಾರೆ.

"ಹತ್ತನೆಯೋರು ಮಣಿಪುರದಿಂದ ಬತ್ತಾರಾ? ರೈಲು ಎಷ್ಟು ಗಂಟೆಗೆ ಅಂತ ಯೋಳಿ, ಅವ್ರಿಗೂ ಮುದ್ದೆ ತಿರುವ್ತೀನಿ."

ಬೀರಯ್ಯ ಎದ್ದು ಲಿಂಗರಾಜನ ಮನೆ ಕಡೆ ಹೊರಟ. ಕರೆದೇ ಬಿಡುವುದು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿದ. ಬಾಗಿಲಲ್ಲಿ ಲಿಂಗರಾಜನ ಹೆಂಡತಿ ರಾಣಿ ಹುರುಳಿ ಕೇರುತ್ತಿದ್ದಳು. ಒಳಗೆ ಲಿಂಗರಾಜು ಕೆಮ್ಮಿದ್ದು ಕೇಳಿಸಿತು.

"ಬನ್ನಿ ಭಾವ. ಏನು ಇಷ್ಟು ದೂರ?"

ಜೋಡಿಸಿದ ಮಾತೆಲ್ಲ ಬಿಟ್ಟು ಬೀರಯ್ಯ ಕೊಟ್ಟಿಗೆಯ ಕಡೆ ನೋಡಿದ. "ಏನಿಲ್ಲ ಕಣವ್ವ. ನಿಮ್ಮ ಹಸ ಕರು ಹಾಕ್ತಾ ಅಂತ ನೋಡಾನ ಅಂತ ಬಂದೆ."

"ಹಾಕಿ ಮೂರು ತಿಂಗ್ಳಾಯ್ತಲ್ಲ ಭಾವ. ಗಿಣ್ಣು ತಿಂದೋಗಿದ್ರಿ."

"ಅಂಗಾ. ಒಳ್ಳೇದಾಯ್ತು ಬುಡು" ಅಂದವನು ಬಂದ ದಾರಿಗೇ ತಿರುಗಿದ.

ಮಾರನೆಯ ದಿನ ಹೊತ್ತು ಮೂಡುವ ಮೊದಲೇ ಒಂಬತ್ತು ಜನ ಹೊಲಕ್ಕಿಳಿದರು. ಮಧ್ಯಾಹ್ನದ ಹೊತ್ತಿಗೆ ಕಟ್ಟಿದ ಕಡ್ಡಿಗಳು ಚಪ್ಪರದಡಿ ಸಾಲುಗಟ್ಟಿದವು. ಏರಿಸಬೇಕು. ಯಾರು ತುದಿಗೆ? ತರುಣನೊಬ್ಬನಿದ್ದ, ಮಲ್ಲಾಜಮ್ಮನ ತಮ್ಮನ ಮಗ ಸುನೀಲ್ಕುಮಾರ್. ಎರಡು ಮರ ಹತ್ತಿದವನು ಕೆಳಗೆ ನೋಡಿ ಬಿಳಿಚಿಕೊಂಡು, "ಮಾವ, ನಂಗೆ ತಲೆ ಸುತ್ತದೆ" ಅಂತ ಇಳಿದುಬಿಟ್ಟ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ಬೀರಯ್ಯ ಒತ್ತಾಗಿ ಸಾಲಿಟ್ಟ ಕಡ್ಡಿಗಳ ಸೊಪ್ಪಿನೊಳಗೆ ಕೈ ಹಾಕಿ ನೋಡಿದ. ಬೆಚ್ಚಗಿತ್ತು.

ಪಂಚೆ ಎತ್ತಿ ಕಟ್ಟಿ ತಾನೇ ಹತ್ತತೊಡಗಿದ. "ಇಳೀರಿ, ಮಂಡಿ ಹಿಡ್ಕೊತದೆ" ಅಂತ ಮಲ್ಲಾಜಮ್ಮ ಕೂಗುತ್ತಲೇ ಇದ್ದಳು. ಮೊದಲ ಮರ, ಎರಡನೆಯದು. ಮೂರನೆಯದರ ಮೇಲೆ ಎಡಗಾಲು ಇಟ್ಟಾಗ ಮಂಡಿ ತನ್ನಷ್ಟಕ್ಕೆ ತಾನೇ ನಡುಗತೊಡಗಿತು. ಮೇಲೆ ಹೋಗಲಾರ, ಕೆಳಗೆ ಇಳಿಯಲಾರ. ಮರ ತಬ್ಬಿಕೊಂಡು ಕಣ್ಣು ಮುಚ್ಚಿದ. ಅವತ್ತು ಟೀ ಅಂಗಡಿಯಲ್ಲಿ ಆಡಿದ ಮಾತು ನೆನಪಾಯಿತು. ಬಾಲು ಮುಟ್ಟದವನು. ಇಪ್ಪತ್ತಾರು ವರ್ಷ ಈ ತುದಿಯಲ್ಲಿ ನಿಂತವನಿಗೆ ಅಂದದ್ದು ಅದು. ಯಾರೂ ಕೇಳದಂತೆ, "ತಪ್ಪಾಯ್ತು ಕಣ್ಲಾ" ಅಂದ, ಅಡ್ಡಮರಕ್ಕೆ.

"ಲೇ ಬೀರ."

ಕೆಳಗೆ ಬಾಗಿಲಲ್ಲಿ ಲಿಂಗರಾಜು ನಿಂತಿದ್ದ. ಕಂಕುಳಲ್ಲಿ ರಟ್ಟು. ಷಣ್ಮುಖಪ್ಪನ ಗೋಡೆಯಿಂದ ಕಿತ್ತು ತಂದಿದ್ದ, ಮೊಳೆ ಹೊಡೆದ ಮೂಲೆ ಹರಿದಿತ್ತು.

"ನಾನೇನು ನಿನ್ನ ಸೊಪ್ಪಿಗೆ ಬಂದಿಲ್ಲ ಕಣ್ಲಾ. ನೀನು ಕರ್ದೂ ಇಲ್ಲ" ಅಂದ. "ಒಂದು ಮಾತು ಕೇಳಾನ ಅಂತ ಬಂದೆ. ಹತ್ತು ದಿನದಿಂದ ಊರೆಲ್ಲ ನೋಡೈತೆ ಇದನ್ನ, ಒಬ್ರೂ ಎಣ್ಸಿಲ್ಲ. ಹಿಂದೆ ನಾಕು, ನಡುವೆ ನಾಕು, ಮುಂದೆ ಎರಡು. ಒಟ್ಟು ಎಷ್ಟಾಯ್ತು?"

"ಹತ್ತು" ಅಂದ ಬೀರಯ್ಯ, ಮರ ತಬ್ಬಿಕೊಂಡೇ.

"ಗೋಲಿ ಎಲ್ಲಪ್ಪ?"

ಬೀರಯ್ಯ ಮನಸ್ಸಿನಲ್ಲಿ ರಟ್ಟನ್ನು ಮೇಲಿಂದ ಕೆಳಗೆ ಓದಿದ. ಮಣಿಪುರ, ಗೋವಾ, ಪಂಜಾಬು, ಬಂಗಾಳ, ಮಿಜೋರಾಮು. ಗೋಲು ಕಾಯುವವನಿಲ್ಲ. ಬಾಗಿಲು ತೆಗೆದಿಟ್ಟು ಹತ್ತು ದಿನ ಇಂಡಿಯಾವನ್ನು ಆಡಲು ಬಿಟ್ಟಿದ್ದ.

"ಅವನ್ನ್ಯಾಕೆ ಎಣಿಸ್ತಾರ್ಲಾ?" ಅಂದ ಕೊನೆಗೆ. "ಗೋಲು ಕಾಯೋನು ಮನೆಯೋನಲ್ವಾ. ಆಳು ಲೆಕ್ಕ ಹಾಕೋವಾಗ ಮನೆಯೋರ್ನ ಹಿಡೀತೀವಾ?"

ಮೊದಲು ನಕ್ಕಿದ್ದು ಮಲ್ಲಾಜಮ್ಮ. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗಲಿಲ್ಲ. ಆಮೇಲೆ ಒಂಬತ್ತು ಆಳೂ ನಕ್ಕರು. ಲಿಂಗರಾಜನಂತೂ ಬಾಗಿಲಿಗೆ ಒರಗಿ ಕಣ್ಣೊರೆಸಿಕೊಂಡ.

"ನಾಕು ವರ್ಷ ಆಡ್ದೋನು. ಕಾಲುಗುರು ಕಳ್ಕೊಂಡೋನು. ಗೋಲಿನೇ ಮರ್ತವ್ನೆ. ಬಾಲು ಮುಟ್ಟದೆ ಇರೋನು ಬಂದು ಯೋಳ್ಬೇಕಾಯ್ತು."

"ಊಂ ಕಣ್ಲಾ. ಯೋಳ್ಬೇಕಾಯ್ತು" ಅಂದ ಬೀರಯ್ಯ. "ಅವತ್ತು ನಾನು ಅಂದಿದ್ದು ತಪ್ಪು. ಈಗ ಕರೀತಾ ಇವ್ನಿ, ಕೇಳಿಸ್ಕೊ. ಇವತ್ತು ನಮ್ಮ ಸೊಪ್ಪು. ಬತ್ತೀಯಾ?"

"ಮರ ತಬ್ಕೊಂಡು ಮುಯ್ಯಾಳಿಗೆ ಕರ್ದೋನು ನೀನೊಬ್ನೇ" ಅಂದ ಲಿಂಗರಾಜು. ರಟ್ಟನ್ನು ಮಲ್ಲಾಜಮ್ಮನ ಕೈಗೆ ಕೊಟ್ಟ. "ಅಕ್ಕ, ಇದನ್ನ ಮಡಗಿ. ಲೇ ಲೆಫ್ಟ್ ಬ್ಯಾಕು, ಅದು ನಿನ್ನ ಜಾಗ ಅಲ್ಲ. ಅಲ್ಲಾಡಬ್ಯಾಡ, ಬಂದೆ."

ಹತ್ತಿ ಬಂದು, ಬೀರಯ್ಯನ ನಡುಗುವ ಕಾಲನ್ನು ಕೈಯಿಂದ ಹಿಡಿದು, ಒಂದೊಂದೇ ಮರಕ್ಕೆ ಇಟ್ಟು ಇಳಿಸಿದ. ನೆಲ ಸಿಕ್ಕಿದ ಕೂಡಲೇ ಬೀರಯ್ಯ ಅಲ್ಲೇ ಕೂತುಬಿಟ್ಟ. ಹತ್ತು ದಿನದಿಂದ ಎದೆ ಮೇಲೆ ಕೂತಿದ್ದ ಬೀಸುಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗೆ ಉಸಿರು ಸಲೀಸಾಗಿ ಬಂತು. ಮಲ್ಲಾಜಮ್ಮ ಒಂದು ಚೊಂಬು ಮಜ್ಜಿಗೆ ಕೊಟ್ಟಳು. ಗಟಗಟ ಕುಡಿದು ಎದ್ದ.

ಆಮೇಲೆ ಕಡ್ಡಿಗಳು ಹೋದವು ನೋಡಿ. ಬೀರಯ್ಯ ಬುಡದಲ್ಲಿ, ಇಬ್ಬರು ನಡುವಿನ ಮರಗಳಲ್ಲಿ, ಲಿಂಗರಾಜು ತುದಿಯಲ್ಲಿ. ಒಬ್ಬನ ಕೈ ಬಿಡುವ ಹೊತ್ತಿಗೆ ಇನ್ನೊಬ್ಬನ ಕೈ ಅಲ್ಲಿರುತ್ತಿತ್ತು. ಯಾರೂ ಮೇಲೆ ಕೆಳಗೆ ನೋಡಬೇಕಾಗಲಿಲ್ಲ. ಸುನೀಲ್ಕುಮಾರ್ ಹೊರಗಿನಿಂದ ಕಡ್ಡಿ ತಂದು ಕೊಡುತ್ತಾ, "ಮಾವ, ಪಾಸಿಂಗ್ ಚೆನ್ನಾಗೈತೆ" ಅಂದ. "ಬಾಯಿ ಮುಚ್ಕೊಂಡು ಕಡ್ಡಿ ತತ್ತಾ ಇರು. ನೀನು ಸಬ್‌ಸ್ಟಿಟ್ಯೂಟು" ಅಂತ ಮೇಲಿನಿಂದ ದನಿ ಬಂತು.

ಹೊತ್ತು ಮುಳುಗಲು ಇನ್ನೂ ಎರಡು ಮಾರು ಇರುವಾಗಲೇ ಬ್ಯಾರನ್ನು ತುಂಬಿತು. ಸೊಪ್ಪು ಒಂದೆಲೆಯೂ ಕಪ್ಪಾಗಿರಲಿಲ್ಲ. ಬಾಗಿಲು ಮುಚ್ಚಿ ಒಲೆಗೆ ಬೆಂಕಿ ಕೊಟ್ಟರು. ಮೈಯೆಲ್ಲ ಸೊಪ್ಪಿನ ಅಂಟಾಗಿ, ಇಬ್ಬರೂ ಒಲೆಯ ಮುಂದೆ ಕೂತು ಕೈ ಉಜ್ಜಿಕೊಂಡರು. ನಡುವೆ ರಟ್ಟು.

"ಗೋಲಿ ಯಾರು ಅಂತ ನೀನೇ ಯೋಳು" ಅಂದ ಬೀರಯ್ಯ, ಪೆನ್ನು ಮುಂದೆ ಚಾಚಿ.

ಲಿಂಗರಾಜು ಯೋಚಿಸಿ, ತನಗೆ ಮೆಚ್ಚುಗೆಯಾದವನ ಹೆಸರನ್ನು ಎಲ್ಲರಿಗಿಂತ ದಪ್ಪಗೆ ಬರೆದ. ಆಮೇಲೆ ಪೆನ್ನು ಹಾಗೇ ಹಿಡಿದುಕೊಂಡು ಹಿಂದಿನ ನಾಲ್ವರನ್ನು ದಿಟ್ಟಿಸಿದ.

"ಈಗ ಒಂದು ಮಾತು. ಗೋಲಿ ಗಟ್ಟಿಯಾದ ಮ್ಯಾಲೆ ಹಿಂದ್ಕೆ ನಾಕು ಜನ..."

"ಪೆನ್ನು ಕೊಡ್ಲಾ ಇಲ್ಲಿ" ಅಂದ ಬೀರಯ್ಯ. ಪೆನ್ನು ಕಿತ್ತುಕೊಂಡು ಕಿವಿಗೆ ಸಿಕ್ಕಿಸಿಕೊಂಡ. ಒಲೆಗೆ ಇನ್ನೊಂದು ಸೌದೆ ತಳ್ಳಿ ಕೇಳಿದ: "ನಿಮ್ಮ ಸೊಪ್ಪು ಯಾವತ್ತು?"

"ಸುಕ್ರವಾರ."

"ಬಂದು ಕರಿ. ಕರೀದೆ ನಾನು ಬರಾಕಿಲ್ಲ."

"ಕರು ನೋಡಾಕೆ ಬರ್ತೀಯಲ್ಲ, ಆಗ್ಲೇ ಕರೀತೀನಿ ಬುಡು" ಅಂದ ಲಿಂಗರಾಜು.