ಸೊರಬದ ಅಜ್ಜಿಯ ಸೋಮವಾರ

ಮೂರ್ಖತನ ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಅಮ್ಮನ ಬಾಯಲ್ಲಿ ಕೇಳಿದರೆ ಕತೆ ಇನ್ನೂ ಉದ್ದವಾಗುತ್ತದೆ.

ಐವತ್ತರ ದಶಕದ ಕೊನೆ. ಶಿಕಾರಿಪುರದಲ್ಲಿ ನಾನು ಅಣಕಿಸದ ಮನುಷ್ಯ ಉಳಿದಿರಲಿಲ್ಲ. ಮನುಷ್ಯರು ಮುಗಿದ ಮೇಲೆ, ಸೊರಬದ ಬಸ್ಸು ದಿಬ್ಬ ಹತ್ತಲಾರದೆ ಗೋಳಾಡುವುದನ್ನೂ ಮಾಡಿ ತೋರಿಸುತ್ತಿದ್ದೆ. ಅಕ್ಕನ ಮದುವೆಯಲ್ಲಿ ನನ್ನ ಆ ಬಸ್ಸಿನ ಅಣಕ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕವಳು ಸೊರಬದ ಒಬ್ಬ ಹುಡುಗಿ. ಮದುವೆಯಾದರೆ ಅವಳನ್ನೇ ಎಂದು ಹಟ ಹಿಡಿದೆ.

ಅವರ ಮನೆಯಲ್ಲೊಂದು ಕಟ್ಟಳೆ. ಹುಡುಗಿಯ ಅಜ್ಜಿ ಪ್ರತಿ ಸೋಮವಾರ ಸಂಜೆ ದೀಪ ಹಚ್ಚುವ ತನಕ ಮೌನ. ತನ್ನೊಳಗೆ ಏನಿದೆಯೆಂದು ಕಾಣಬೇಕಂತೆ. ಅಳಿಯನಾಗುವವನು ಒಂದು ಸೋಮವಾರ ಅವರೆದುರು ಸುಮ್ಮನೆ ಕೂರಬೇಕು. ಅಜ್ಜಿ ಒಪ್ಪಿದರೆ ಹುಡುಗಿ. ಇಲ್ಲದಿದ್ದರೆ ಸಂಜೆ ಬಸ್ಸು.

“ಕೆಮ್ಮು ಬಂದ್ರೂ ನುಂಗ್ಕೋ,” ಎಂದಳು ಅಮ್ಮ ದಾರಿಯಲ್ಲಿ.

“ಆಯ್ತು ಕಣಮ್ಮಾ,” ಎಂದೆ, ಅವಳದೇ ದನಿಯಲ್ಲಿ. ಬೆನ್ನಿಗೆ ಗುದ್ದು ಬಿತ್ತು.

ಪಡಸಾಲೆಯಲ್ಲಿ ಅಜ್ಜಿಯೆದುರು ನನಗೂ ಚಾಪೆ ಹಾಸಿದರು. ಕಣ್ಣು ಮುಚ್ಚಿ ನಾನೂ ಒಳಗೆ ಇಳಿದೆ. ಅಲ್ಲಿ ಕಾಲಿಡಲು ಜಾಗವಿಲ್ಲ! ನಾನು ಅಣಕಿಸಿದ ಮೇಷ್ಟ್ರು, ಶಾನುಭೋಗರು, ಕಂಡಕ್ಟರು, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದಾರೆ. ನಾನೆಲ್ಲಿ ಎಂದು ಹುಡುಕಿದೆ. ನಾನು ಬಂದೇ ಇರಲಿಲ್ಲ. ಹೆದರಿಕೆಯಾಗಿ ಕಣ್ಣು ಬಿಟ್ಟೆ.

ಅಜ್ಜಿ ಮೂಗು ತಿಕ್ಕಿಕೊಂಡರು. ನನ್ನ ಕೈ ನನ್ನನ್ನು ಕೇಳದೆ ಮೇಲೆದ್ದು ನನ್ನ ಮೂಗು ತಿಕ್ಕಿತು. ಅವರು ಸೆರಗು ಎಳೆದುಕೊಂಡರು. ನಾನು ಹೆಗಲ ಟವೆಲ್ಲು. ತೂಕಡಿಸಿ ಅವರ ತಲೆ ಜೋತುಬಿತ್ತು, ನನ್ನದೂ. ಅಜ್ಜಿ ಬೆಚ್ಚಿ ಎಚ್ಚರವಾಗಿ, ಯಾರಾದರೂ ನೋಡಿದರೇ ಎಂದು ಓರೆಗಣ್ಣು ಬಿಟ್ಟು, ಮತ್ತೆ ಧ್ಯಾನದ ಮುಖ ಹಾಕಿಕೊಂಡರು. ದೇವರಾಣೆಗೂ ತಡೆಯಲಾಗಲಿಲ್ಲ. ಅದನ್ನೂ ಮಾಡಿಬಿಟ್ಟೆ, ಓರೆಗಣ್ಣಿನ ಸಮೇತ.

ಬಾಗಿಲ ಹಿಂದೆ ಹುಡುಗಿ ಕಿಸಕ್ಕೆಂದಳು. ಅಮ್ಮ ಹಣೆ ಚಚ್ಚಿಕೊಂಡಳು. ಹುಡುಗಿಯ ಅಪ್ಪ ಕೆಂಪಗಾಗಿ, “ಏಳ್ರೀ, ಇನ್ನು ಹೊರಡಿ. ಬಸ್ಸು ತಪ್ಪುತ್ತೆ,” ಎಂದರು.

ನಾನು ಎದ್ದೆ. ದೀಪ ಹಚ್ಚಲು ಇನ್ನೂ ಬೇಕಾದಷ್ಟು ಸಮಯವಿತ್ತು. ಆದರೂ ಅಜ್ಜಿ ಬಾಯಿ ಬಿಟ್ಟರು:

“ಅವನನ್ಯಾಕೆ ಓಡಿಸ್ತೀಯೋ? ಇಷ್ಟು ವರ್ಷ ಮಾತು ಬಿಟ್ಟು ಕೂತೆ, ನಾನು ಹೆಂಗಿದೀನಿ ಅಂತ ನಂಗೇ ಕಾಣ್ಲಿಲ್ಲ, ಇವತ್ತು ಕಾಣ್ತು. ಹುಡುಗೀನ ಕೊಡು. ಆದ್ರೆ ತಮ್ಮಾ, ಸೋಮವಾರ ಮಾತ್ರ ನೀನು ಈ ಕಡೆ ತಲೆ ಹಾಕ್ಬೇಡ!”